ಏಳೂವರೆಗೆ ಹೋದೆ, ಊಟ ಇದ್ದದ್ದು ಆರೂವರೆಗೆ

ಸ್ಟುಟ್‌ಗಾರ್ಟಿಗೆ ಬಂದ ಮೊದಲ ಚಳಿಗಾಲ. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಬಳಿ ನಿಲ್ಲಿಸಿ ಶನಿವಾರ ಸಂಜೆ ಊಟಕ್ಕೆ ಕರೆದರು. ಎಷ್ಟು ಗಂಟೆಗೆ ಎಂದರೆ ‘ಹಾಲ್ಪ್ ಜೀಬೆನ್’ ಎಂದರು. ಹಾಲ್ಪ್ ಎಂದರೆ ಅರ್ಧ, ಜೀಬೆನ್ ಎಂದರೆ ಏಳು. ಏಳೂವರೆ, ಇನ್ನೇನು! ಜರ್ಮನರ ಸಮಯಪಾಲನೆಯ ಬಗ್ಗೆ ಬೇಕಾದಷ್ಟು ಕೇಳಿದ್ದೆನಲ್ಲ, ಐದು ನಿಮಿಷ ಮುಂಚೆಯೇ ಕೋಡುಬಳೆ ಡಬ್ಬಿ ಹಿಡಿದು ಬಾಗಿಲು ತಟ್ಟಿದೆ. ಮೇಜಿನ ಮೇಲೆ ಬ್ರೆಡ್ಡು, ಚೀಸ್, ಉಪ್ಪುನೀರಿನಲ್ಲಿ ನೆನೆಸಿದ ಸೌತೆಕಾಯಿ. ಎಲ್ಲದರ ಮೇಲೂ ಬಿಳಿ ಬಟ್ಟೆ ಮುಚ್ಚಿತ್ತು. ಚಹಾ ಆರಿಹೋಗಿತ್ತು. ಹಾಲ್ಪ್ ಜೀಬೆನ್ ಎಂದರೆ ಏಳನೆಯ ಗಂಟೆಯಲ್ಲಿ ಅರ್ಧ ಕಳೆದದ್ದು, ಅಂದರೆ ಆರೂವರೆ. ಅಜ್ಜಿ ಹೆಚ್ಚುಕಡಿಮೆ ಒಂದು ಗಂಟೆ ಕಾದಿದ್ದರು. ಬೈಯಲಿಲ್ಲ. ಗೋಡೆ ಗಡಿಯಾರದ ಕೆಳಗೆ ನನ್ನನ್ನು ನಿಲ್ಲಿಸಿಕೊಂಡು, ಒಂದನೇ ತರಗತಿಯ ಮಗುವಿಗೆ ಹೇಳುವ ಹಾಗೆ ಮುಳ್ಳು ತೋರಿಸಿ ಹೇಳಿಕೊಟ್ಟರು.

ನನ್ನ ಹತ್ತಿರ ಆಗಲೇ ಜರ್ಮನ್ ಕಲಿಕೆಯ ಎರಡನೇ ಮಟ್ಟವಾದ ಎ2ರ ಪ್ರಮಾಣಪತ್ರವಿತ್ತು. ಈ ‘ಹಾಲ್ಪ್’ ಪಾಠದಲ್ಲಿ ಬಂದಿತ್ತು, ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆ. ಮೆಟ್ಟಿಲ ಬಳಿ ಮಾತ್ರ ಕೈಕೊಟ್ಟಿತು. ಜರ್ಮನರು ಸದಾ ಮುಂದಿನ ಗಂಟೆಯನ್ನೇ ನೋಡುವ ಜನ, ಅದಕ್ಕೇ ಹೀಗೆ ಎಂದು ಒಬ್ಬರು ನನಗೆ ತತ್ತ್ವ ಹೇಳಿದರು. ನಾನು ನಂಬಲಿಲ್ಲ. ಎಣಿಸುವ ರೂಢಿ ಬೇರೆ, ಅಷ್ಟೇ.

ಆ ದಿನ ನನ್ನನ್ನು ದಾರಿ ತಪ್ಪಿಸಿದ್ದು ಕನ್ನಡದ ‘ಏಳೂವರೆ’. ಆದರೂ ಊರಿನಿಂದ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ: ಜರ್ಮನನ್ನು ಕನ್ನಡದ ಮೂಲಕ ಕಲಿಯಿರಿ, ಇಂಗ್ಲಿಷ್ ಮೂಲಕ ಬೇಡ. ಕೇಳಿದವರು ನಗುತ್ತಾರೆ. ಅವರಿಗೆ ಬೇಕಾದದ್ದು ಎಷ್ಟು ತಿಂಗಳಾಗುತ್ತದೆ ಎಂಬ ಲೆಕ್ಕ. ನರ್ಸಿಂಗ್ ಕೆಲಸಕ್ಕೆ ಬಿ2, ಪೌರತ್ವಕ್ಕೆ ಬಿ1, ಅಲ್ಲಿಗೆ ಪುಸ್ತಕ ಕಟ್ಟಿಡುವುದು.

ನಾನು ಬೆಂಗಳೂರಿನಲ್ಲಿ ಕಲಿತದ್ದೂ ಇಂಗ್ಲಿಷಿನಲ್ಲೇ. ಒಂದು ದಿನ ತರಗತಿಯಲ್ಲಿ ಚಳಿಯಾಗುತ್ತಿದೆ ಎನ್ನಲು ‘ಇಷ್ ಬಿನ್ ಕಾಲ್ಟ್’ ಎಂದೆ, ‘ಐ ಆಮ್ ಕೋಲ್ಡ್’ ಎಂಬುದನ್ನು ಹಾಗೇ ಎತ್ತಿಟ್ಟು. ಶಿಕ್ಷಕಿ ನಕ್ಕರು. ಹಾಗೆಂದರೆ ನಾನು ತಣ್ಣನೆಯ ಸ್ವಭಾವದವಳು, ಮನಸ್ಸಿನಲ್ಲಿ ಬಿಸಿ ಇಲ್ಲದವಳು ಎಂದಾಗುತ್ತದಂತೆ. ಸರಿಯಾದದ್ದು ‘ಮಿರ್ ಇಸ್ಟ್ ಕಾಲ್ಟ್’. ಮಿರ್ ಎಂದರೆ ನನಗೆ. ನನಗೆ ಚಳಿ! ಕನ್ನಡದಲ್ಲಿ ಯಾರಾದರೂ ‘ನಾನು ಚಳಿ’ ಎನ್ನುತ್ತಾರೆಯೇ? ಇಷ್ಟವಾಯಿತು ಎನ್ನಬೇಕೇ, ‘ಎಸ್ ಗೆಫೆಲ್ಟ್ ಮಿರ್’, ನನಗೆ ಹಿಡಿಸುತ್ತದೆ. ಹೊಟ್ಟೆ ತೊಳಸುತ್ತಿದೆಯೇ, ‘ಮಿರ್ ಇಸ್ಟ್ ಶ್ಲೆಷ್ಟ್’, ಮತ್ತೆ ನನಗೆ. ನಾವು ಹುಟ್ಟಿದಂದಿನಿಂದ ಆಡುತ್ತಿರುವ ಚತುರ್ಥಿ ವಿಭಕ್ತಿಯನ್ನು ‘ಡೇಟಿವ್’ ಎಂಬ ಭೂತ ಮಾಡಿ ಎರಡು ತಿಂಗಳು ನಮ್ಮನ್ನು ಹೆದರಿಸಿದ್ದರು.

ಕ್ರಿಯಾಪದವೂ ಅಷ್ಟೇ. ‘ಅವನು ನಾಳೆ ಬೆಂಗಳೂರಿಗೆ ಹೋಗುತ್ತಾನೆ ಎಂದು ಗೊತ್ತು’ ಎನ್ನುವಾಗ ಒಳಗಿನ ವಾಕ್ಯ ಜರ್ಮನ್‌ನಲ್ಲಿ ಹೀಗಿರುತ್ತದೆ: ಎರ್ (ಅವನು) ಮೋರ್ಗನ್ (ನಾಳೆ) ನಾಖ್ ಬೆಂಗಳೂರು (ಬೆಂಗಳೂರಿಗೆ) ಫೇರ್ಟ್ (ಹೋಗುತ್ತಾನೆ). ಪದಕ್ಕೆ ಪದ ಕೂತಿತು ನೋಡಿ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ಹಿಂಸೆ ಎಂದು ಇಂಗ್ಲಿಷ್ ಬಲ್ಲವರು ಗೋಳಾಡುತ್ತಾರೆ. ನಾವು ಹುಟ್ಟಾ ಕಾಯುವವರು.

ಎಲ್ಲವೂ ಹೀಗೆ ಸಲೀಸಲ್ಲ. ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕ. ನಮ್ಮಲ್ಲಿ ಲಿಂಗ ವಸ್ತುವನ್ನು ನೋಡಿದರೆ ತಿಳಿಯುತ್ತದೆ, ಇಲ್ಲಿ ಬಾಯಿಪಾಠವೇ ಗತಿ. ಹುಡುಗಿ ಎಂಬರ್ಥದ ‘ಮೇಡ್ಷೆನ್’ ಕೂಡ ನಪುಂಸಕಲಿಂಗ ಎಂದಾಗ ನನಗೆ ಸಿಟ್ಟೇ ಬಂದಿತ್ತು. ಆಮೇಲೆ ತಿಳಿಯಿತು: ‘ಷೆನ್’ ಎಂಬುದು ಚಿಕ್ಕದು, ಮುದ್ದಿನದು ಎಂದು ತೋರಿಸುವ ಪ್ರತ್ಯಯ, ಅದು ಅಂಟಿದ್ದೆಲ್ಲ ನಪುಂಸಕವೇ. ಇಪ್ಪತ್ಮೂರನ್ನು ‘ಮೂರು ಮತ್ತು ಇಪ್ಪತ್ತು’ ಎನ್ನುತ್ತಾರೆ. ಫೋನ್ ನಂಬರ್ ಬರೆದುಕೊಳ್ಳುವಾಗ ಇವತ್ತಿಗೂ ನನ್ನ ಅಂಕಿಗಳು ಹಿಂದುಮುಂದಾಗುತ್ತವೆ.

ಇದೇ ದಾರಿಯಲ್ಲಿ ಎದುರಿನಿಂದ ನಡೆದು ಬಂದವರನ್ನು ನಾವು ಶಾಲೆಯಲ್ಲೇ ಓದಿದ್ದೇವೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ನಮ್ಮ ಮನೆಯಿಂದ ದೂರವೇನಲ್ಲ. ಕಿಟೆಲ್ ಉತ್ತರದ ಸಮುದ್ರತೀರದ ಕಡೆಯವರಾದರೂ 1903ರಲ್ಲಿ ತೀರಿಕೊಂಡದ್ದು ಇಲ್ಲೇ ಪಕ್ಕದ ಟ್ಯೂಬಿಂಗನ್‌ನಲ್ಲಿ. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಗ್ರಿಮ್ ಸಹೋದರರು ಶುರುಮಾಡಿದ ಜರ್ಮನ್ ನಿಘಂಟು ಇನ್ನೂ ನಡೆಯುತ್ತಲೇ ಇತ್ತು. ಯಾಕೋಬ್ ಗ್ರಿಮ್ 1863ರಲ್ಲಿ ಸಾಯುವಾಗ ‘ಫ್ರುಖ್ಟ್’, ಅಂದರೆ ಹಣ್ಣು ಎಂಬ ಪದದ ಬಳಿ ಇದ್ದರು. ಕೆಲಸ ಮುಗಿದದ್ದು 1961ರಲ್ಲಿ. ನಾವು ಆರು ತಿಂಗಳಲ್ಲಿ ಆಗುತ್ತದೆಯೇ ಎಂದು ಕೇಳುತ್ತೇವೆ.

ಇನ್ನು ಸಂಸ್ಕೃತಿ. ಬಿಯರ್ ಹಬ್ಬದ ಫೋಟೋ ಹಾಕಿ ಸಂಸ್ಕೃತಿ ಎನ್ನುವವರ ಜೊತೆ ನನಗೆ ಜಗಳವಿಲ್ಲ, ಆದರೆ ಅದು ಕಲಿಸುವುದು ಕಡಿಮೆ. ನನಗೆ ಕಲಿಸಿದ್ದು ಭಾನುವಾರ. ಒಂದು ಭಾನುವಾರ ಬೆಳಿಗ್ಗೆ ಖಾಲಿ ಗಾಜಿನ ಸೀಸೆಗಳನ್ನು ಬೀದಿ ಕೊನೆಯ ಡಬ್ಬಕ್ಕೆ ಹಾಕಲು ಹೋದೆ. ಎರಡನೆಯ ಸೀಸೆ ಠಣ್ ಎನ್ನುವಷ್ಟರಲ್ಲಿ ಮೇಲಿನ ಕಿಟಕಿ ತೆರೆಯಿತು. ‘ರೂಹೆ!’ ಎಂದು ಒಂದೇ ಪದ, ಅಂದರೆ ಸದ್ದಿರಬಾರದು. ಎಂಥ ಸಿಡುಕು ಜನ ಎಂದು ಗೊಣಗಿಕೊಂಡು ಬಂದೆ. ಆಮೇಲೆ ಓದಿದೆ, ಭಾನುವಾರ ಇಲ್ಲಿ ಸಂವಿಧಾನದ ಮಾತು: 1919ರ ವೈಮಾರ್ ಸಂವಿಧಾನದ 139ನೇ ವಿಧಿ ಅದನ್ನು ದುಡಿಮೆಯಿಂದ ಬಿಡುವಿನ, ಮನಸ್ಸನ್ನು ಮೇಲೆತ್ತಿಕೊಳ್ಳುವ ದಿನವೆಂದು ಕಾಪಾಡುತ್ತದೆ, 1949ರ ಸಂವಿಧಾನ ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಗೊಣಗಾಟ ನಿಂತಿಲ್ಲ, ಅಂಗಡಿಗಳೂ ಮುಚ್ಚಿರುತ್ತವಲ್ಲ, ಹಾಲು ಮುಗಿದ ಭಾನುವಾರ ಇನ್ನೂ ಗೊಣಗುತ್ತೇನೆ. ಆದರೆ ಕಿಟಕಿ ತೆರೆದವರು ಸಿಡುಕಿನವರೆಂದು ಈಗ ಅನ್ನಿಸುವುದಿಲ್ಲ.

ನಮ್ಮ ಬೀದಿಯ ಕಾಲುದಾರಿಯಲ್ಲಿ ಅಂಗೈಯಗಲದ ಮೂರು ಹಿತ್ತಾಳೆ ತಗಡುಗಳಿವೆ. ಶ್ಟೋಲ್ಪರ್‌ಶ್ಟೈನ್, ಎಡವುವ ಕಲ್ಲು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ತೊಂಬತ್ತರ ದಶಕದಲ್ಲಿ ಆರಂಭಿಸಿದ ಕೆಲಸ. ಇಂಥವು ಯುರೋಪಿನಲ್ಲಿ ಈಗ ಒಂದು ಲಕ್ಷಕ್ಕೂ ಹೆಚ್ಚಿವೆ. ನಾಜಿಗಳು ಎಳೆದೊಯ್ದವರ ಮನೆಯ ಮುಂದೆ ಹುಗಿದವು. ‘ಹಿಯರ್ ವೋನ್ಟೆ’, ಇಲ್ಲಿ ವಾಸವಿದ್ದರು. ಹೆಸರು, ಹುಟ್ಟಿದ ವರ್ಷ, ಸಾಗಿಸಿದ ವರ್ಷ. ಕೊನೆಯಲ್ಲಿ ‘ಎರ್‌ಮೋರ್ಡೆಟ್’. ಸತ್ತರು ಎನ್ನಲು ಬೇರೆ ಪದವಿದೆ, ಅದನ್ನು ಹಾಕಿಲ್ಲ. ಕೊಂದರು ಎಂದೇ ಬರೆದಿದ್ದಾರೆ. ತರಗತಿಯಲ್ಲಿ ಈ ಕ್ರಿಯಾರೂಪವನ್ನು ‘ಅಡುಗೆ ಮಾಡಿದೆ’, ‘ಶರಟು ಕೊಂಡೆ’ ಎಂಬ ವಾಕ್ಯಗಳಿಂದ ಕಲಿತಿದ್ದೆ. ಈ ಭಾಷೆಯಲ್ಲಿ ಸ್ಮಾರಕಕ್ಕೆ ‘ಡೆಂಕ್‌ಮಾಲ್’ ಅಲ್ಲದೆ ‘ಮಾನ್‌ಮಾಲ್’ ಎಂಬ ಇನ್ನೊಂದು ಪದವೂ ಇದೆ. ಮೊದಲನೆಯದರಲ್ಲಿರುವುದು ನೆನೆಯುವುದು, ಎರಡನೆಯದರಲ್ಲಿ ಎಚ್ಚರಿಸುವುದು. ಎರಡು ಪದ ಏಕೆ ಬೇಕಾಯಿತೆಂದು ಪಠ್ಯಪುಸ್ತಕದಲ್ಲಿ ಇರಲಿಲ್ಲ.

1938ರಲ್ಲಿ ಯೆಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿದ್ದು ನವೆಂಬರ್ 9ರ ರಾತ್ರಿ. ಪ್ರತಿ ವರ್ಷ ಆ ದಿನ ಕೆಳಮನೆಯ ಅಜ್ಜಿ ಬಟ್ಟೆಚೂರು, ಹಿತ್ತಾಳೆ ಉಜ್ಜುವ ಪೇಸ್ಟು ಹಿಡಿದು ಹೊರಡುತ್ತಾರೆ. ಹೋದ ನವೆಂಬರಿನಲ್ಲಿ ಅವರ ಮೊಣಕಾಲು ಬಗ್ಗಲಿಲ್ಲ. ನಾನು ಕೂತು ಉಜ್ಜಿದೆ, ಅವರು ಮೇಲಿನಿಂದ ಎಲ್ಲಿ ಕಪ್ಪು ಉಳಿದಿದೆ ಎಂದು ತೋರಿಸಿದರು. ಕೈ ತೊಳೆಯಲು ಅವರ ಮನೆಗೇ ಹೋದಾಗ, ಇನ್ನು ಮುಂದೆ ನನ್ನನ್ನು ‘ದು’ ಎನ್ನು ಎಂದರು. ದು ಎಂದರೆ ನೀನು. ‘ಜೀ’, ನೀವು ಎಂಬುದನ್ನು ಬಿಟ್ಟು ಅದಕ್ಕೆ ಇಳಿಯಲು ಇಲ್ಲಿ ಹಿರಿಯರೇ ಅಪ್ಪಣೆ ಕೊಡಬೇಕು. ನನಗೆ ಬಾಯಿ ಬರಲಿಲ್ಲ. ಎಂಬತ್ತು ದಾಟಿದವರನ್ನು ಏಕವಚನದಲ್ಲಿ ಮಾತನಾಡಿಸುವುದೇ? ಎರಡು ವಾರ ಸರ್ವನಾಮವೇ ಇಲ್ಲದ ವಾಕ್ಯಗಳಲ್ಲಿ ಕಾಲ ತಳ್ಳಿದೆ. ಆಮೇಲೆ ತುಮಕೂರಿನ ನಮ್ಮಜ್ಜಿ ನೆನಪಾದಳು. ಅವಳನ್ನು ನಾನು ಒಂದು ದಿನವಾದರೂ ‘ನೀವು’ ಎಂದಿದ್ದೆನೇ?

ಈ ಶನಿವಾರ ಊಟಕ್ಕೆ ಬಾ ಎಂದಿದ್ದಾಳೆ ಅಜ್ಜಿ, ಹಾಲ್ಪ್ ಜೀಬೆನ್‌ಗೆ. ಕೋಡುಬಳೆಗೆ ಖಾರ ಕಡಿಮೆ ಹಾಕು ಎಂದೂ ಹೇಳಿದ್ದಾಳೆ.