ಹಕಲಾವ್‌ನಲ್ಲಿ ಬೇಲಿ ಮೊದಲು, ಸಸಿ ಆಮೇಲೆ

ಕಾಡು ಬೆಳೆಸುವ ಮಾತು ಬಂದರೆ ಎಲ್ಲರೂ ಕೇಳುವುದು ‘ಎಷ್ಟು ಸಸಿ ನೆಟ್ಟಿರಿ’ ಅಂತ. ಬೇಲಿ ಹಾಕಿದಿರಾ, ಹುಲ್ಲಿಗೆ ಏನು ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಹವಾಯಿಯ ಹಕಲಾವ್ ವನ್ಯಧಾಮದಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟಿದ್ದಾರೆ, ಬಹುಪಾಲು ಸ್ವಯಂಸೇವಕರ ಕೈಯಿಂದ. ಆದರೂ ಅಲ್ಲಿ ಹಕ್ಕಿ ಉಳಿದಿರುವುದು ಬೇಲಿಯಿಂದ ಎಂದೇ ನನ್ನ ವಾದ.

ಮೌನಾ ಕೆಯಾ ಪರ್ವತದ ಪೂರ್ವ ಇಳಿಜಾರಿನ ಈ ಧಾಮ ಆದದ್ದು 1985ರಲ್ಲಿ, ಅಲ್ಲಿನ ಹಾಡುಹಕ್ಕಿಗಳಿಗಾಗಿಯೇ. ಮೇಲ್ಭಾಗದ ಕಾಡು ಅಷ್ಟರಲ್ಲಾಗಲೇ ದನ ಮೇದು ಬಯಲಾಗಿತ್ತು. ಬಯಲಿನಲ್ಲಿ ನೇರವಾಗಿ ಅಲ್ಲಿನದೇ ಓಹಿಯಾ ಮರದ ಸಸಿ ನೆಟ್ಟರೆ ಮೋಡವಿಲ್ಲದ ರಾತ್ರಿಯ ಹಿಮಕ್ಕೆ ಕರಕಲಾಗುತ್ತದೆ. ಅದಕ್ಕೇ ಮೊದಲು ಕೋಆ ಮರ. ಬೀಜದ ಸಿಪ್ಪೆ ಗಟ್ಟಿ; ಕುದಿಸಿ ಒಲೆಯಿಂದಿಳಿಸಿದ ನೀರು ಸುರಿದು, ಊದಿಕೊಳ್ಳುವವರೆಗೆ ರಾತ್ರಿಯಿಡೀ ನೆನೆಹಾಕಬೇಕು. ಕೋಆ ಎದ್ದು ಮೇಲೆ ಸೊಪ್ಪಿನ ಮರೆಯಾದ ಮೇಲೆ ಅದರಡಿ ಓಹಿಯಾ, ಹಣ್ಣಿನ ಪೊದೆಗಳು. (ಕೋಆ ಕೂಡ ಅಕೇಶಿಯಾ ಜಾತಿಯೇ. ಮಲೆನಾಡಿನವರು ಸಿಟ್ಟಾಗಬೇಡಿ, ನಮ್ಮ ನೆಡುತೋಪಿನದು ಆಸ್ಟ್ರೇಲಿಯಾದ್ದು, ಇದು ಆ ನೆಲದ್ದೇ.)

ತೊಡಕೂ ಕೋಆದಿಂದಲೇ. ಅದು ಮಣ್ಣಿಗೆ ಸೇರಿಸುವ ಸಾರಜನಕವನ್ನು ಕಿಕುಯು ಹುಲ್ಲೂ ಉಂಡು ಕೊಬ್ಬುತ್ತದೆ. ಹುಲ್ಲು ಚಾಪೆಯಂತೆ ಹೆಣೆದುಕೊಂಡರೆ ಉದುರಿದ ಬೀಜ ಮಣ್ಣು ಮುಟ್ಟುವುದೇ ಇಲ್ಲ. ಹೀಗಾಗಿ ಮೇಲೆ ಮರ, ಕೆಳಗೆ ಬರೀ ಹುಲ್ಲು. ನೆಡುವ ಜಾಗದ ಹುಲ್ಲನ್ನು ಬುಡಸಮೇತ ಸಾಯಿಸದೆ ಬೇರೆ ದಾರಿಯಿಲ್ಲ.

ಇನ್ನು ಹಂದಿ. ಮರದಷ್ಟು ಬೆಳೆಯುವ ಹಾಪೂ ಜರಿಗಿಡವನ್ನು ಅದು ಕೆಡವುತ್ತದೆ, ಕಾಂಡ ಬಗೆದು ಒಳಗಿನ ಪಿಷ್ಟ ತಿನ್ನುತ್ತದೆ. ಪೊಳ್ಳಾದ ಕಾಂಡ ದೋಣಿಯಂತೆ ಮಳೆನೀರು ಹಿಡಿಯುತ್ತದೆ, ಅದರಲ್ಲಿ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುತ್ತದೆ. 1826ರ ಹೊತ್ತಿಗೆ ಹಡಗಿನಲ್ಲಿ ಬಂದಿಳಿದ ಈ ಸೊಳ್ಳೆಯೇ ಹಕ್ಕಿಮಲೇರಿಯಾ ಹರಡುವುದು. ರೋಗದ ಸೊಳ್ಳೆ ಕಚ್ಚಿದ ಕೆಂಪು ಇಈವಿ ಹಕ್ಕಿಗಳಲ್ಲಿ ಬಹುತೇಕ ಸಾಯುತ್ತವೆ. ಸುಮಾರು 13 ಡಿಗ್ರಿಗಿಂತ ತಣ್ಣಗಿದ್ದರೆ ಸೊಳ್ಳೆಯೊಳಗೆ ರೋಗಾಣು ಬೆಳೆಯದು, ಹಾಗಾಗಿ ಎತ್ತರದ ತಂಪು ಕಾಡೇ ಹಕ್ಕಿಗಳಿಗೆ ಆಸರೆ. ಹವಾಮಾನ ಬಿಸಿಯಾದಂತೆ ಆ ತಂಪಿನ ಗೆರೆಯೂ ಮೇಲೇರುತ್ತಿದೆ.

ಬೇಲಿಯೆಂದರೆ ತಂತಿ ಎಳೆದು ಕೈತೊಳೆಯುವುದಲ್ಲ. ತಳ ನೆಲಕ್ಕೆ ಕಚ್ಚಿರಬೇಕು, ಇಲ್ಲವಾದರೆ ಹಂದಿ ಮೂತಿಯಿಂದ ಎತ್ತಿ ನುಸುಳುತ್ತದೆ. ಗಾಳಿಗೆ ಮರ ಬಿದ್ದಲ್ಲಿ ಕೂಡಲೇ ದುರಸ್ತಿಯಾಗಬೇಕು. ಒಳಗುಳಿದ ಹಂದಿಗಳನ್ನು ತೆಗೆಯದಿದ್ದರೆ ಅವನ್ನು ಕೂಡಿಹಾಕಿ ಸಾಕಿದಂತಷ್ಟೇ. ಇದಕ್ಕೆ ಪ್ರತಿವರ್ಷ ಹಣ ಬೇಕು, ಫೋಟೋ ಮಾತ್ರ ಸಿಗುವುದಿಲ್ಲ. ದಾನಿಗಳು ಇಲ್ಲಿಗೇ ಕೊಡಬೇಕು.

ಹಳೆಯ ಮರ ಉಳಿಸುವುದೂ ಅಷ್ಟೇ ಮುಖ್ಯ. ಅಕಿಆಪೋಲಾಔ ಕೆಳಕೊಕ್ಕಿನಿಂದ ಕುಟ್ಟಿ, ಬಾಗಿದ ಮೇಲ್ಕೊಕ್ಕಿನಿಂದ ಹುಳು ಎಳೆಯುವ ಹಕ್ಕಿ. ಎಳೆಯ ಕೋಆದಲ್ಲೂ ಅದಕ್ಕೆ ಮೇವುಂಟು. ಆಕೆಪಾ ಎಂಬ ಇನ್ನೊಂದು ಹಕ್ಕಿ ಗೂಡಿಡುವುದು ಮಾತ್ರ ಮುದಿಮರದ ಪೊಟರೆಯಲ್ಲಿ. ಆ ಪೊಟರೆ ನಮ್ಮ ಕಾಲದಲ್ಲಿ ನೆಟ್ಟ ಮರದಲ್ಲಿ ಆಗುವಂಥದ್ದಲ್ಲ. ಅಂಥ ಓಹಿಯಾಗಳನ್ನೇ ಈಗ ಒಂದು ಶಿಲೀಂಧ್ರ ಕೊಲ್ಲುತ್ತಿದೆ, 2014ರಲ್ಲಿ ಗುರುತಿಸಿದ್ದು. ತೊಗಟೆಯ ಗಾಯದಿಂದ ಒಳನುಗ್ಗುತ್ತದೆ. ಹವಾಯಿಯಲ್ಲಿ ಯಾವ ಕಾಡಿಗೆ ಕಾಲಿಟ್ಟರೂ ಮೊದಲು ಬೂಟಿನ ಮಣ್ಣು ಉಜ್ಜಿ, ಅಟ್ಟೆಗೆ ಶೇ. 70ರ ಆಲ್ಕೋಹಾಲ್ ಸಿಂಪಡಿಸಿ. ಹೊರಬರುವಾಗಲೂ ಅಷ್ಟೇ.