ಸಹಜ ಬಣ್ಣಕ್ಕೆ ಕಾಡು ಬೇಡ, ಅಡಿಕೆ ಸುಗ್ಗಿ ಸಾಕು

ಮಲೆನಾಡಲ್ಲಿ ಮನೆ ಮಾಡಿಕೊಂಡು ಸಹಜ ಬಣ್ಣದ ಬಟ್ಟೆ ಕೆಲಸ ಮಾಡಬೇಕು ಅಂತ ಬರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಇಲ್ಲಿನ ಕಾಡಲ್ಲಿ ಯಾವ ತೊಗಟೆ ಸಿಗುತ್ತೆ, ಯಾವ ಬೇರು ಸಿಗುತ್ತೆ? ಈ ಪ್ರಶ್ನೆಯಲ್ಲೇ ಎಡವಟ್ಟಿದೆ. ಹೊನ್ನೆಯ ತೊಗಟೆಯನ್ನು ಸುತ್ತಲೂ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಮಂಜಿಷ್ಠದ ಬೇರು ಕಿತ್ತರೆ ಆ ಬಳ್ಳಿಯ ಕಥೆ ಮುಗಿಯಿತು. ಅಂಥ ಬಟ್ಟೆಗೆ 'ಪರಿಸರಸ್ನೇಹಿ' ಅಂತ ಚೀಟಿ ಅಂಟಿಸುವುದು ಸುಳ್ಳು. ಹೇಗಿದ್ದರೂ ಅಭಯಾರಣ್ಯದೊಳಗಿಂದ ಅನುಮತಿಯಿಲ್ಲದೆ ಕಾಡಿನ ಉತ್ಪನ್ನ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಮಲೆನಾಡಿನ ನಿಜವಾದ ಬಣ್ಣ ಇರುವುದು ತೋಟದ ಮನೆಯ ಅಂಗಳದಲ್ಲಿ. ಕೆಂಪಡಿಕೆ ಮಾಡುವವರು ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುತ್ತಾರೆ. ಅದೇ ನೀರಲ್ಲಿ ಮತ್ತೆ ಮತ್ತೆ ಬೇಯಿಸಿದಾಗ ಅದು ಕಡುಗೆಂಪಾಗಿ, ಮಂದವಾಗಿ ಚೊಗರಾಗುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕ, ಭೀಮನಕೋಣೆಯ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಈ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಿ ತೋರಿಸಿದ್ದಾರೆ. ಒಂದು ಮರವನ್ನೂ ಮುಟ್ಟಬೇಕಾಗಿಲ್ಲ. ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಚಾಲಿ ಅಡಿಕೆ ಮಾಡುವ ಕಡೆ ಮಾತ್ರ ಇದು ಸಿಗುವುದಿಲ್ಲ, ಅಲ್ಲಿ ಬೇಯಿಸುವ ಪದ್ಧತಿಯೇ ಇಲ್ಲ.

ಒಂದು ಕಿಲೋ ಹತ್ತಿ ಬಟ್ಟೆಯ ಲೆಕ್ಕ ಹೇಳುತ್ತೇನೆ. ಮೊದಲು ಗಂಜಿ, ಎಣ್ಣೆ ಅಂಶ ಹೋಗಬೇಕು: 30 ಲೀಟರ್ ನೀರು, 50 ಗ್ರಾಂ ವಾಷಿಂಗ್ ಸೋಡಾ, ಒಂದು ಗಂಟೆ ಕುದಿ. ನೀರು ಹಳದಿಯಾಗಿ ಇಳಿಯುತ್ತದೆ. ತೊಳೆದು ಒಣಗಿಸಿದ ಮೇಲೆ ಬಟ್ಟೆಯ ಮೇಲೊಂದು ಹನಿ ನೀರು ಬಿಡಿ. ತಕ್ಷಣ ಇಂಗಿದರೆ ಸರಿ, ಮಣಿಯಂತೆ ನಿಂತರೆ ಇನ್ನೊಮ್ಮೆ ಕುದಿಸಿ. ಮುಂದೆ ಬಣ್ಣ ಮಚ್ಚೆ ಮಚ್ಚೆಯಾಯಿತು ಅನ್ನುವ ದೂರಿನಲ್ಲಿ ಹೆಚ್ಚಿನದು ಇಲ್ಲಿ ಮಾಡಿದ ಅವಸರದ ಫಲ.

ಬಣ್ಣವನ್ನು ಬಟ್ಟೆಗೆ ಕಚ್ಚಿಸುವುದು ಪಟಿಕ. ಹತ್ತಿಗೆ ಅದು ಚೆನ್ನಾಗಿ ಹಿಡಿಯಬೇಕಾದರೆ ಟ್ಯಾನಿನ್, ಅಂದರೆ ಒಗರಿನ ಅಂಶ, ಬೇಕು. ಚೆಂಡು ಹೂವಿನ ಹಳದಿ ಹಾಕುವುದಾದರೆ ಬೀಜ ತೆಗೆದ ಅಳಲೆಕಾಯಿ ಪುಡಿ 200 ಗ್ರಾಂ ರಾತ್ರಿ ನೆನೆಸಿ, ಸೋಸಿ, ಅದರಲ್ಲಿ ಬಟ್ಟೆಯನ್ನು ಎರಡು ಗಂಟೆ ಅದ್ದಿ, ತೊಳೆಯದೆ ಒಣಗಿಸಿ, ಆಮೇಲೆ 150 ಗ್ರಾಂ ಪಟಿಕದ ನೀರಲ್ಲಿ ರಾತ್ರಿಯಿಡೀ ಬಿಡಬೇಕು. ಚೊಗರಿಗೆ ಅಳಲೆ ಬೇಕಿಲ್ಲ, ಚೊಗರೇ ಟ್ಯಾನಿನ್. ಗಟ್ಟಿ ಚೊಗರು 300 ಗ್ರಾಂನಿಂದ ಶುರುಮಾಡಿ. ಒಂದೊಂದು ಮನೆಯ ಚೊಗರಿನ ಮಂದ ಒಂದೊಂದು ಥರ, ಹಾಗಾಗಿ ಮೊದಲು ತುಂಡು ಬಟ್ಟೆ ಅದ್ದಿ ನೋಡಬೇಕು. ಅಡಿಕೆಗೆ ಬಣ್ಣ ಬರಲೆಂದು ಪುಡಿ ಬೆರೆಸಿದ್ದಾರಾ ಅಂತಲೂ ಕೇಳಿಕೊಳ್ಳಿ. ಬೆರೆಸಿದ್ದರೆ ಆ ಚೊಗರು ಬೇಡ. ಚೊಗರಿನ ನೀರು ಕುದಿಯುವುದಕ್ಕೆ ಬಿಡದೆ, 80 ಡಿಗ್ರಿಯ ಆಸುಪಾಸಿನಲ್ಲಿ ಮುಕ್ಕಾಲು ಗಂಟೆ, ಕೋಲಿನಿಂದ ಬಟ್ಟೆಯನ್ನು ಮಗುಚುತ್ತಲೇ ಇರಬೇಕು. ಹಿಂಡಿ, ನೆರಳಲ್ಲಿ ಒಣಗಿಸಿ, ಪಟಿಕದ ನೀರಿಗೆ ಹಾಕಿ. ಇನ್ನೂ ಕೆಂಪು ಬೇಕಾದರೆ ಕೊನೆಗೆ ತಿಳಿಸುಣ್ಣದ ನೀರಲ್ಲಿ ಒಮ್ಮೆ ಅದ್ದಿ ತೆಗೆದು ತೊಳೆಯಿರಿ. ಅಡಿಕೆಗೆ ಸುಣ್ಣ ಸೇರಿದರೆ ಏನಾಗುತ್ತದೆ ಅನ್ನುವುದು ಕವಳ ಹಾಕುವವರಿಗೆ ಗೊತ್ತೇ ಇದೆ.

ಕಪ್ಪು, ಬೂದು ಬಣ್ಣಕ್ಕೆ ಟ್ಯಾನಿನ್ ಹಿಡಿದ ಬಟ್ಟೆಯನ್ನು ಕಬ್ಬಿಣದ ರಸದಲ್ಲಿ ಅದ್ದಬೇಕು. ಆ ರಸಕ್ಕೆ ಬೇಕಾದದ್ದು: ಒಂದು ಕಿಲೋ ತುಕ್ಕು ಕಬ್ಬಿಣ, ಕಾಲು ಕಿಲೋ ಬೆಲ್ಲ, 5 ಲೀಟರ್ ನೀರು, ಎರಡು ಮೂರು ವಾರ. ಪಾತ್ರೆಯ ಬಾಯಿ ಬಿಗಿಯಬೇಡಿ, ಬಟ್ಟೆ ಕಟ್ಟಿದರೆ ಸಾಕು, ಒಳಗೆ ಗಾಳಿ ಹುಟ್ಟುತ್ತದೆ. ಅದರ ಬದಲು ಅಂಗಡಿಯ ಅನ್ನಭೇದಿ (ಕಬ್ಬಿಣದ ಲವಣ) ಬಳಸುವುದಾದರೆ ಕಿಲೋ ಬಟ್ಟೆಗೆ 20 ಗ್ರಾಂ ದಾಟಬಾರದು. ಕಬ್ಬಿಣ ಜಾಸ್ತಿಯಾದ ನೂಲು ಕೆಲವು ವರ್ಷಗಳಲ್ಲಿ ಜೀರ್ಣವಾಗಿ, ಮಡಿಕೆಯಲ್ಲೇ ಹರಿಯುತ್ತದೆ. ಟ್ಯಾನಿನ್ ಕುಡಿದ ಒದ್ದೆ ಬಟ್ಟೆಯನ್ನು ಕಬ್ಬಿಣದ ತಂತಿಗೆ ಹರವಿದಿರೋ, ಅಳಿಸಲಾಗದ ಕಪ್ಪು ಗೆರೆ ಖಂಡಿತ. ನೈಲಾನ್ ಹಗ್ಗ ಅಥವಾ ಬಿದಿರಿನ ಗಳ ಇರಲಿ.

ಕೆಲಸಕ್ಕೂ ಕಾಲಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಇಲ್ಲಿ ಯಾವುದೂ ಕೂಡಿ ಬರುವುದಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಬಣ್ಣದ ಹಂಡೆ ಕವುಚಿಡುವುದೇ ಒಳ್ಳೆಯದು. ಒಣಗದ ಬಟ್ಟೆಗೆ ಎರಡೇ ದಿನದಲ್ಲಿ ಬೂಷ್ಟು ಹತ್ತುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ಕಲೆ. ನೀಲಿ ಬಣ್ಣದ ತೊಟ್ಟಿಯನ್ನು ಬೆಲ್ಲ, ಸುಣ್ಣ ಹಾಕಿ ಹುದುಗಿಸುತ್ತಾರೆ; ಸರಿಯಾದ ತೊಟ್ಟಿಯಿಂದ ಬಟ್ಟೆ ಹಸಿರಾಗಿ ಮೇಲೆ ಬಂದು ಗಾಳಿಗೆ ನೀಲಿಯಾಗುತ್ತದೆ. ಮಳೆಯ ಚಳಿಗೆ ಆ ತೊಟ್ಟಿಯೂ ಜಡವಾಗಿ, ಬಟ್ಟೆ ಹಸಿರಾಗಿ ಬರುವುದೇ ಇಲ್ಲ. ಆದರೆ ಅದೇ ತೇವ ಮಗ್ಗಕ್ಕೆ ವರ. ಹತ್ತಿ ನೂಲು ಕಡಿಮೆ ಹರಿಯುತ್ತದೆ. ಮಳೆಗಾಲ ಮಗ್ಗಕ್ಕೆ, ಸೂಜಿಗೆ, ಉಳಿದ ತುಂಡುಗಳ ಕೌದಿಗೆ. ದೀಪಾವಳಿ ಕಳೆದು, ಅಡಿಕೆ ಕೊಯ್ಲು ಶುರುವಾಗಿ, ಬಿಸಿಲು ಬಿದ್ದ ಮೇಲೆ ಬಣ್ಣ. ಹಬ್ಬಕ್ಕೆ ಕಟ್ಟಿದ ಚೆಂಡು ಹೂವಿನ ಮಾಲೆಗಳೂ ಆಗಲೇ ಸಿಗುತ್ತವೆ. ನೂಲಿನಿಂದ ಬಿಡಿಸಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ಕಾಡಿಗೆ ಹೋಗಲೇಬೇಕು ಅನ್ನುವವರಿಗೆ ಒಂದು ಮಾತು, ಇದು ಜೀವದ ಪ್ರಶ್ನೆ. ದರಕಿನ (ಉದುರಿದ ಒಣ ಎಲೆಗಳ) ಮೇಲೆ ಬಿದ್ದ ಕಾಯಿ ಆರಿಸುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ, ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆಯನ್ನು ಹರಡುವುದು ಉಣುಗು (ಉಣ್ಣಿ). ಎಳೆಯ ಉಣುಗು ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಮಂಗವೋ ಮುಸ್ಯವೋ ಸತ್ತು ಬಿದ್ದ ಕಡೆ ಕಾಲಿಡಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬೇರೆ ಕಡೆ ಹೋದರೂ ಮೈ ತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಉಣುಗು ತಡೆಯುವ ತೈಲ, ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ. ಉಟ್ಟ ಬಟ್ಟೆ ನೇರ ಬಿಸಿನೀರಿಗೆ.

ಮುತ್ತುಗದ ಹೂವಿನ ಆಸೆ ಎಲ್ಲರಿಗೂ ಇರುತ್ತದೆ. ಫೆಬ್ರವರಿ ಮಾರ್ಚಿನಲ್ಲಿ, ಎಲೆ ಉದುರಿದ ಆ ಮರದಡಿ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತು ನೋಡಿ: ಸೂರಕ್ಕಿ ಹೂವಿಗೆ ಕೊಕ್ಕು ತೂರಿಸುತ್ತದೆ, ಗೊರವಂಕಗಳ ಹಣೆಗೆ ಪರಾಗ ಮೆತ್ತಿರುತ್ತದೆ, ಗಿಳಿಗಳು ಹೂವನ್ನೇ ಕಚ್ಚಿ ಬೀಳಿಸುತ್ತವೆ. ಕೆಳಗೆ ಬಿದ್ದದ್ದಷ್ಟೇ ನಮ್ಮದು. ಅದರ ಹಳದಿ ಬಿಸಿಲಿಗೆ ಬೇಗ ಮಾಸುವುದರಿಂದ ಕಿಟಕಿ ಪರದೆಗೆ ಬೇಡ. ಅಳಲೆಯನ್ನು ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಲ್ಲೇ ಕೊಳ್ಳಬಹುದು. ನೆಲ್ಲಿಕಾಯಿಯಲ್ಲೂ ಟ್ಯಾನಿನ್ ಇದೆ ಅಂತ ಕಾಡು ಬಳಿಯುವುದು ಬೇಡ. ಜಿಂಕೆ, ಕಾಡುಕುರಿಗಳು ಅದನ್ನು ತಿಂದು ಬೀಜ ಉಗುಳಿದರೇ ಮುಂದಿನ ನೆಲ್ಲಿ.

ಇನ್ನು ಮೈಲುತುತ್ತ (ತಾಮ್ರದ ಸಲ್ಫೇಟ್). ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪ್ರತಿ ಮನೆಯಲ್ಲೂ ಇರುತ್ತದೆ, ಹಳದಿಯನ್ನು ಹಸಿರಿಗೆ ತಿರುಗಿಸುತ್ತದೆ, ಅದಕ್ಕೇ ಕೈ ಅತ್ತ ಹೋಗುತ್ತದೆ. ಬಣ್ಣದ ಕೆಲಸಕ್ಕೆ ಅದನ್ನು ಬಿಟ್ಟುಬಿಡಿ. ಆ ನೀರು ಹಳ್ಳ ಸೇರಿದರೆ ಮೀನುಮರಿ, ಗೊದಮೊಟ್ಟೆಗಳಿಗೆ ವಿಷ. ಹಸಿರು ಬೇಕಾದರೆ ನೀಲಿಯ ಮೇಲೆ ಹಳದಿ ಹಾಕಿ. ಪಟಿಕ, ಕಬ್ಬಿಣದ ನೀರನ್ನೂ ಹಳ್ಳದ ದಂಡೆಯಲ್ಲಿ ಚೆಲ್ಲದೆ, ಒಂದೆರಡು ಸಲ ಮರುಬಳಸಿ, ಕೊನೆಗೆ ಸುಣ್ಣ ಹಾಕಿ ಗಸಿ ಇಳಿಸಿ, ಬಾವಿಯಿಂದ ದೂರದ ಇಂಗುಗುಂಡಿಗೆ ಬಿಡಬೇಕು.

ಕೊಳ್ಳುವವರಲ್ಲಿ ಒಂದು ಬೇಡಿಕೆ. ಹೋದ ವರ್ಷದ್ದೇ ಕಂದು ಬಣ್ಣ ಈ ವರ್ಷವೂ ಬರಲಿಲ್ಲ ಅಂತ ಸೀರೆ ಹಿಂದಿರುಗಿಸಬೇಡಿ. ಮಳೆ ಹೆಚ್ಚು ಕಡಿಮೆಯಾದಂತೆ ಅಡಿಕೆ ಬದಲು, ಚೊಗರು ಬದಲು. ಕೇಳುವುದಾದರೆ ಬಣ್ಣ ಯಾವ ತಿಂಗಳದ್ದು, ಯಾವುದರಿಂದ ಬಂದದ್ದು ಅಂತ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.