99 ಪೈಸೆಗೆ ಚಿಲ್ಲರೆ ಇದೆಯಾ?

ಪಕ್ಕದ ಮನೆಯವರು ಮತ್ತೆ ಕರೆದಿದ್ದಾರೆ. ನಮ್ಮನ್ನಲ್ಲ, ನಮ್ಮ ಕಂಪನಿಗಳನ್ನು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಕ್ಕಿಕೊಂಡ ಯಾರಾದರೂ ಸಿಇಒ ಗುಂಡಿ, ಧೂಳು, ಟ್ರಾಫಿಕ್ ಅಂತ ಎಕ್ಸ್‌ನಲ್ಲಿ ನಾಲ್ಕು ಸಾಲು ಗೊಣಗಿದರೆ ಸಾಕು. ಅವರ ಕಾರು ಮುಂದಿನ ಸಿಗ್ನಲ್ ಮುಟ್ಟುವುದರೊಳಗೆ ಆಂಧ್ರದ ಸಚಿವ ನಾರಾ ಲೋಕೇಶ್ ಅವರ ಉತ್ತರ ಬಂದಿರುತ್ತದೆ, ನಮ್ಮ ಕಡೆ ಬನ್ನಿ ಅಂತ. 2024ರ ಜುಲೈನಲ್ಲಿ ನಮ್ಮಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಾತಿ ಮಸೂದೆ ಬಂದಾಗ ಕರೆದರು. 2025ರ ಜುಲೈನಲ್ಲಿ ನಮ್ಮ ಸರ್ಕಾರ ಕೈಗಾರಿಕೆಗೆಂದು ಹೊರಟಿದ್ದ ದೇವನಹಳ್ಳಿ ಭೂಸ್ವಾಧೀನ ಕೈಬಿಟ್ಟಾಗ ಕರೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಂಪನಿಯೊಂದು ಈ ರಸ್ತೆ ಸಹವಾಸ ಸಾಕು ಅಂದಾಗಲೂ ಕರೆದರು. ಆ ವೇಗ ನೋಡಿ ನನಗೆ ನಿಜಕ್ಕೂ ಗೌರವ ಬಂದಿದೆ. ನಮ್ಮ ಬೀದಿಯಲ್ಲಿ ನೀರಿನ ಪೈಪ್ ಒಡೆದಿದೆ ಅಂತ ಮೂರು ವಾರದಿಂದ ದೂರು ಕೊಡುತ್ತಿದ್ದೇನೆ. ಮುಂದಿನ ಸಲ ಹೆಸರಿನ ಕೆಳಗೆ ಸಿಇಒ ಅಂತ ಹಾಕಿ ಅವರಿಗೇ ಬರೆಯಬೇಕು.

ಬರೀ ಬಾಯಿಮಾತಲ್ಲ, ಭೂಮಿಯನ್ನೂ ಕೊಡುತ್ತಾರೆ. ದರ 99 ಪೈಸೆ. 2025ರ ಏಪ್ರಿಲ್‌ನಲ್ಲಿ ಆಂಧ್ರ ಸಂಪುಟ ವಿಶಾಖಪಟ್ಟಣದಲ್ಲಿ ಟಿಸಿಎಸ್‌ಗೆ 21.16 ಎಕರೆ ಕೊಡಲು ಒಪ್ಪಿದ್ದು ಈ ದರಕ್ಕೇ. ಸುದ್ದಿ ನಿಮಗೆ ಗೊತ್ತೇ ಇದೆ, ಅದರ ಲಾಭ ನಷ್ಟದ ಚರ್ಚೆ ಟಿವಿಯಲ್ಲಿ ಮುಗಿದೂ ಆಗಿದೆ. ನನ್ನ ತಲೆ ಕೆಡಿಸಿದ್ದು ಬೇರೆ ವಿಷಯ. ಈ 99 ಪೈಸೆಯನ್ನು ಕೊಡುವುದು ಹೇಗೆ?

25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಉಳಿದಿರುವುದು 50 ಪೈಸೆ ಒಂದೇ. ಅದನ್ನು ಹುಂಡಿಗೆ ಹಾಕಿದರೆ ದೇವರೂ ಮುಖ ತಿರುಗಿಸುತ್ತಾನೆ. ಹಾಗಾಗಿ ಕಂಪನಿ ಒಂದು ರೂಪಾಯಿ ಕೊಡಬೇಕು, ಸರ್ಕಾರ ಒಂದು ಪೈಸೆ ಚಿಲ್ಲರೆ ವಾಪಸ್ ಕೊಡಬೇಕು. ಎಲ್ಲಿಂದ ತರುತ್ತದೆ? ಎಕರೆಗೆ 99 ಪೈಸೆ ಅಂತ ಗುಣಿಸಿದರೂ ಬಗೆಹರಿಯಲ್ಲ. 21 ರೂಪಾಯಿ ಕೊಟ್ಟರೆ ಐದು ಪೈಸೆ ಬಾಕಿ. ಅಂಗಡಿಯವರಾದರೆ ಒಂದು ಚಾಕೊಲೇಟ್ ಕೈಗಿಟ್ಟು ಕಳಿಸುತ್ತಾರೆ. ಬಸ್ ಕಂಡಕ್ಟರ್ ಆದರೆ ಟಿಕೆಟ್ ಹಿಂದೆ ಗೀಚಿ, ಇಳಿಯುವಾಗ ಇಸ್ಕೊಳ್ಳಿ ಅನ್ನುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ನಾವು ಮರೆಯುತ್ತೇವೆ. ಬಸ್ ತಿರುವು ದಾಟಿದ ಮೇಲೆ ನೆನಪಾಗುತ್ತದೆ. ಆ ಟಿಕೆಟ್ ಹಿಡಿದುಕೊಂಡು ಸ್ಟಾಪಿನಲ್ಲಿ ನಿಂತ ಮನುಷ್ಯನ ಮುಖ ನೀವು ನೋಡಿಯೇ ಇರುತ್ತೀರಿ. ನೀವೇ ಅದಾಗಿರುತ್ತೀರಿ. ಕಂಪನಿಗಳು ಹಾಗೆ ಚಿಲ್ಲರೆ ಮರೆತು ಇಳಿಯುವ ಪೈಕಿ ಅಲ್ಲ. ಬಾಕಿ ಸಬ್ಸಿಡಿ, ತೆರಿಗೆ ರಿಯಾಯಿತಿ ಎಲ್ಲ ಇಸ್ಕೊಂಡೇ ಇಳಿಯುತ್ತವೆ.

ಆನ್‌ಲೈನ್‌ನಲ್ಲಿ ಕಳಿಸ್ತಾರೆ ಬಿಡಿ ಅಂತೀರಾ? ಇರಬಹುದು. ಸುಮ್ನೆ ನನ್ನ ತಮಾಷೆ ಯಾಕೆ ಹಾಳು ಮಾಡ್ತೀರಿ.

ಹಿಂದೆ ಈ ದರ ಒಂದು ರೂಪಾಯಿ ಇತ್ತು. 2008ರಲ್ಲಿ ಬಂಗಾಳದ ಸಿಂಗೂರಿನಿಂದ ಟಾಟಾದ ನ್ಯಾನೋ ಕಾರಿನ ಕಾರ್ಖಾನೆ ಗಂಟುಮೂಟೆ ಕಟ್ಟಿದಾಗ, ಗುಜರಾತ್ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ರತನ್ ಟಾಟಾ ಅವರಿಗೆ ಸ್ವಾಗತ ಅಂತ ಒಂದು ಎಸ್ಸೆಮ್ಮೆಸ್ ಕಳಿಸಿದರು. ಒಂದು ರೂಪಾಯಿಯ ಎಸ್ಸೆಮ್ಮೆಸ್ ಏನು ಮಾಡಿತು ನೋಡಿ ಅಂತ ಆಮೇಲೆ ಅವರೇ ಹೇಳಿಕೊಂಡರು. ಅಲ್ಲಿಂದ ಇಲ್ಲಿಗೆ 17 ವರ್ಷದಲ್ಲಿ ಹಾಲು, ಗ್ಯಾಸು, ಸ್ಕೂಲ್ ಫೀಸು ಎಲ್ಲ ಏರಿದೆ. ಕಂಪನಿಯನ್ನು ಕರೆಸಿಕೊಳ್ಳುವ ಖರ್ಚು ಮಾತ್ರ ಒಂದು ಪೈಸೆ ಇಳಿದಿದೆ. ನ್ಯಾನೋ ಈಗ ರಸ್ತೆಯಲ್ಲಿ ಕಂಡರೆ ಜನ ತಿರುಗಿ ನೋಡುತ್ತಾರೆ. ಸಿಂಗೂರಿನ ಭೂಸ್ವಾಧೀನವೇ ತಪ್ಪಾಗಿತ್ತು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ. ರೈತರ ಕೈಯಿಂದ ಹೊಲ ಹೋಗಿ ಆಗ ಹತ್ತು ವರ್ಷ.

ನಾವೇನು ಕಮ್ಮಿ ಇಲ್ಲ. ನಮ್ಮಲ್ಲಿ ಏಕಗವಾಕ್ಷಿ ಇದೆ, ಕಂಪನಿಗಳಿಗೆ ಅನುಮತಿಗಳೆಲ್ಲ ಒಂದೇ ಕಡೆ ಸಿಗುವ ವ್ಯವಸ್ಥೆ. ಈ ಪದವನ್ನು ಕನ್ನಡಕ್ಕೆ ತಂದವರ ಕೈಗೆ ನನ್ನ ನಮಸ್ಕಾರ. ಸಿಂಗಲ್ ವಿಂಡೋ ಅಂದರೆ ಒಂಟಿ ಕಿಟಕಿ ಅನ್ನಬಹುದಿತ್ತು. ಅವರು ಗವಾಕ್ಷಿ ಅಂದರು. ಹಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಗವಾಕ್ಷಿ ಇರುವುದು ಗೋಡೆಯಲ್ಲಲ್ಲ, ಮಾಡಿನಲ್ಲಿ. ಒಲೆಯ ಹೊಗೆ ಹೋಗಲಿ, ಒಳಗೆ ಒಂಚೂರು ಬೆಳಕು ಬೀಳಲಿ ಅಂತ ಬಿಟ್ಟ ಕಿಂಡಿ. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಅನ್ನುತ್ತಾರೆ. ನಮ್ಮಜ್ಜಿ ರಾತ್ರಿ ಮಲಗುವ ಮೊದಲು ಬಾಗಿಲಿನ ಚಿಲಕ ಒಂದು ಸಲ ನೋಡುತ್ತಿದ್ದಳು, ಗವಾಕ್ಷಿಯನ್ನು ಎರಡು ಸಲ. ಬಾಗಿಲಿನಿಂದ ಬರುವವರು ನೆಂಟರು, ಮೇಲಿಂದ ಇಳಿಯುವವರೇ ಬೇರೆ ಅನ್ನುವುದು ಅವಳ ಲೆಕ್ಕ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಈ ಕಿಂಡಿಗೆ ಕೃತಕ ಬುದ್ಧಿಮತ್ತೆಯನ್ನೂ ಜೋಡಿಸಲಾಯಿತು. ಅಜ್ಜಿ ಇದ್ದಿದ್ದರೆ ಮೂರು ಸಲ ನೋಡುತ್ತಿದ್ದಳು.

ನಾನು ಬಾಗಿಲಿನ ಕಡೆಯವನು. ಅಪ್ಪ ಹೋದ ಮೇಲೆ ಮನೆಯ ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಲು ಒಂದು ಕಚೇರಿಗೆ ಏಳು ಸಲ ಹೋಗಿಬಂದಿದ್ದೇನೆ. ಮೊದಲ ಸಲ ಸರ್ವರ್ ಡೌನ್. ಎರಡನೇ ಸಲ ಸರ್ವರ್ ಇತ್ತು, ಸಾಹೇಬರು ಮೀಟಿಂಗ್‌ನಲ್ಲಿದ್ದರು. ಮೂರನೇ ಸಲ ಇಬ್ಬರೂ ಇದ್ದರು. ಆದರೆ ವಂಶವೃಕ್ಷದಲ್ಲಿ ಅಮ್ಮನ ಹೆಸರಿಗಿದ್ದ ಒಂದು ಒತ್ತಕ್ಷರ ಆಧಾರ್ ಕಾರ್ಡಿನಲ್ಲಿ ಇರಲಿಲ್ಲ. ಗುಮಾಸ್ತರು ಕನ್ನಡಕ ಹಣೆಗೇರಿಸಿ ಎರಡೂ ಕಾಗದವನ್ನು ಬೆಳಕಿಗೆ ಹಿಡಿದು, ನೋಟು ಖೋಟಾನೋ ಅಸಲೋ ಅಂತ ನೋಡುವ ಹಾಗೆ ನೋಡಿದರು. “ಒಂದು ಅಫಿಡವಿಟ್ ಮಾಡಿಸ್ಕೊಂಡು ನಾಳೆ ಬನ್ನಿ ಸಾರ್.” ಹಿಂದೆ ದೆವ್ವ ಬರಬಾರದು ಅಂತ ಊರ ಜನ ಮನೆ ಗೋಡೆ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಅದರ ಸರ್ಕಾರಿ ಆವೃತ್ತಿ ಇದು. ದೆವ್ವಕ್ಕೆ ಏಕವಚನ, ನಮಗೆ ಬಹುವಚನ. ಅಷ್ಟು ಮರ್ಯಾದೆ ಇದೆ.

ಕಾಯುವ ವಿಷಯಕ್ಕೆ ಬಂದರೆ ನನ್ನ ಏಳು ಸಲ ಯಾವ ಲೆಕ್ಕ. ಉದ್ಯೋಗ ಮೀಸಲಾತಿ ಮಸೂದೆಗೆ ಉದ್ಯಮಿಗಳು ಬೇಡ ಅಂದರು. ಸಂಪುಟ ಒಪ್ಪಿ ಎರಡು ದಿನ ಕಳೆಯುವುದರೊಳಗೆ ಅದು ತಣ್ಣಗಾಯಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರೂ ಬೇಡ ಅಂದರು, 1,777 ಎಕರೆ ಕೊಡಲ್ಲ ಅಂದರು. ಅವರ ಬೇಡ ಅನ್ನುವ ಮಾತು ವಿಧಾನಸೌಧ ಮುಟ್ಟಲು 1,100 ದಿನಕ್ಕೂ ಜಾಸ್ತಿ ಬೇಕಾಯಿತು. ದೂರ ಎಷ್ಟು ಮಹಾ? ಮುಂಜಾನೆ ಟ್ರಾಫಿಕ್ ಇಲ್ಲದಾಗ ಹೊರಟರೆ ಒಂದೂವರೆ ಗಂಟೆಯೂ ಇಲ್ಲ.

ಇನ್ನು ಬಳ್ಳಾರಿಯ ಕಥೆ. ಇದನ್ನು ಎಷ್ಟು ಸಲ ನೆನೆಸಿಕೊಂಡರೂ ನನಗೆ ಬೇಜಾರಿಲ್ಲ. ತೋರಣಗಲ್ಲಿನ ಸುತ್ತಮುತ್ತ 3,667 ಎಕರೆ. ಗುತ್ತಿಗೆಗೆ ಕೊಟ್ಟಿದ್ದನ್ನು ಉಕ್ಕಿನ ಕಂಪನಿ ಜಿಂದಾಲ್‌ಗೆ ಮಾರಿಬಿಡೋಣ ಅಂತ 2019ರಲ್ಲಿ ಕುಮಾರಸ್ವಾಮಿ ಸಂಪುಟ ಅಂದಿತು. ಆಗ ವಿರೋಧ ಪಕ್ಷದಲ್ಲಿದ್ದ ಯಡಿಯೂರಪ್ಪ ಸಿಟ್ಟಾಗಿ ಅಹೋರಾತ್ರಿ ಧರಣಿ ಕೂತರು. ಕಾಂಗ್ರೆಸ್ಸಿನವರೇ ಆದ ಎಚ್.ಕೆ. ಪಾಟೀಲರು ಬೇಡ ಅಂತ ಪತ್ರ ಬರೆದರು. ಆನಂದ್ ಸಿಂಗ್ ಇದನ್ನೇ ಮುಂದಿಟ್ಟು ಶಾಸಕ ಸ್ಥಾನ ಬಿಟ್ಟರು. ಅಂಕದ ಪರದೆ ಬಿತ್ತು. 2021ರ ಏಪ್ರಿಲ್‌ನಲ್ಲಿ ಮತ್ತೆ ಎದ್ದಾಗ ಮಾರೋಣ ಅಂದದ್ದು ಯಡಿಯೂರಪ್ಪ ಸಂಪುಟ, ಆನಂದ್ ಸಿಂಗ್ ಅದರಲ್ಲಿ ಸಚಿವರು. ಅವರ ಪಕ್ಷದವರೇ ಗಲಾಟೆ ಮಾಡಿ ನಿಲ್ಲಿಸಿದರು. 2024ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಮಾರಿಯೇ ಬಿಡೋಣ ಅಂದಿತು, ಎಚ್.ಕೆ. ಪಾಟೀಲರು ಅದರಲ್ಲಿ ಕಾನೂನು ಸಚಿವರು. ಎಕರೆಗೆ ಒಂದೂಕಾಲು, ಒಂದೂವರೆ ಲಕ್ಷದ ಆಸುಪಾಸು. ನಾವು ಸುಮ್ನೆ ಕಂಪನಿ ನಾಟಕ ಸತ್ತುಹೋಯಿತು ಅಂತ ಅಳುತ್ತೇವೆ. ಇವತ್ತು ರಾಮ ಆದವನೇ ನಾಳೆ ರಾವಣ, ಅದೇ ಕಿರೀಟ, ಅದೇ ಗದೆ. ಬದಲಾಗದೆ ನಿಂತಿರುವುದು ಹಿಂದಿನ ಪರದೆ ಒಂದೇ. ಕಂಪನಿಯಂತೂ ಸರಿಯೇ ಸರಿ.

ಕುಡತಿನಿ ಇರುವುದೂ ಅದೇ ಜಿಲ್ಲೆಯಲ್ಲಿ. 2010ರ ಹೊತ್ತಿಗೆ ಉಕ್ಕಿನ ಕಾರ್ಖಾನೆಗಳು ಬರುತ್ತವೆ ಅಂತ ಅಲ್ಲಿನ ಹಳ್ಳಿಗಳ ಸಾವಿರಾರು ಎಕರೆ ಹೊಲ ಹಿಡಿದರು. ಬರುತ್ತೇವೆ ಅಂದವರಲ್ಲಿ ಜಗತ್ತಿನ ದೊಡ್ಡ ಉಕ್ಕು ಕಂಪನಿಗಳಲ್ಲೊಂದಾದ ಆರ್ಸೆಲರ್ ಮಿತ್ತಲ್ ಕೂಡ ಇತ್ತು. ಕಾರ್ಖಾನೆ ಬರಲಿಲ್ಲ. ಮನೆಗೊಂದು ಕೆಲಸ ಅಂದಿದ್ದರು, ಅದೂ ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಆ ಜನ ಧರಣಿ ಕೂತರು. ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತೇವಲ್ಲ, ಆ ಯಾರದೋ ಅನ್ನುವವರಿಗೆ ಊರಿದೆ, ಹೆಸರಿದೆ, ಪಹಣಿ ಇದೆ. ಹೊಲವೂ ಇಲ್ಲ, ಕಾರ್ಖಾನೆಯೂ ಇಲ್ಲ ಅಂತ 12 ವರ್ಷ ಕಾದಿದ್ದಾರೆ. ಕಾರ್ಖಾನೆ ಕಟ್ಟದವರನ್ನು ಯಾಕೆ ಕಟ್ಟಲಿಲ್ಲ ಅಂತ ಗಟ್ಟಿಯಾಗಿ ಕೇಳುವ ಒಬ್ಬ ಮಂತ್ರಿಯೂ ಇಲ್ಲ. ಮುಂದಿನ ಸಮಾವೇಶಕ್ಕೆ ಅವರು ಬರದೆ ಇದ್ದರೆ ಅನ್ನುವ ಭಯ ಎಲ್ಲ ಪಕ್ಷಕ್ಕೂ ಒಂದೇ. 2025ರಲ್ಲಿ ಬೆಂಗಳೂರಿನ ಸಮಾವೇಶದ ಕೊನೆಗೆ ಘೋಷಿಸಿದ ಹೂಡಿಕೆಯ ಮೊತ್ತ 10.27 ಲಕ್ಷ ಕೋಟಿ ರೂಪಾಯಿ. ಅದನ್ನು ಓದಿ ನಾನೂ ಖುಷಿಪಟ್ಟೆ. ಆಮೇಲೆ ಕುಡತಿನಿ ನೆನಪಾಯಿತು.

ಬೇಲಿ ಹಾಕಿ ಬಿಟ್ಟ ಜಮೀನಿನಲ್ಲಿ ನಮ್ಮ ಕಡೆ ಏನು ಬೆಳೆಯುತ್ತದೆ ಅಂತ ಹೇಳಬೇಕಿಲ್ಲ. ಅದರ ಹೆಸರಿನಲ್ಲೇ ಜಿಲ್ಲೆಯ ಹೆಸರೂ ಇದೆ, ಬಳ್ಳಾರಿ ಜಾಲಿ. ಮೆಕ್ಸಿಕೋ ಕಡೆಯಿಂದ ಬಂದ ಗಿಡ, ಅಂದರೆ ವಿದೇಶಿ ಹೂಡಿಕೆಯೇ. ರಿಯಾಯಿತಿ ಕೇಳಲಿಲ್ಲ, ನೀರು ಕೇಳಲಿಲ್ಲ, ಅರಮನೆ ಮೈದಾನದ ಸಮಾವೇಶದ ಊಟಕ್ಕೂ ಬಂದಿರಲಿಲ್ಲ. ಜಾಗ ಕಂಡಲ್ಲಿ ಬಂದು ನಿಂತಿದೆ.